ಅಮ್ಮನ ಡಬ್ಬಿಯಲ್ಲಿ ಏನಿರ್ತಿತ್ತು?

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್, ಬರೆಯೋಕೆ ಕೂತರೆ ನಿದ್ದೆ. ಆದರೆ ಮೊನ್ನೆ ಭಾನುವಾರ ಮನೆಯಲ್ಲಿ ನಡೆದ ಒಂದು ಸಣ್ಣ ಮಾತುಕತೆ ತಲೆಯಲ್ಲೇ ಕೂತುಬಿಟ್ಟಿದೆ. ಬರೆದು ಮುಗಿಸಿದರೇ ನೆಮ್ಮದಿ.

ನನ್ನ ಅಕ್ಕನಿಗೆ ಏಳು ತಿಂಗಳ ಮಗು. 26 ವಾರದ ಹೆರಿಗೆ ರಜೆ ಮುಗಿಸಿ ಮತ್ತೆ ಕೆಲಸ ಶುರು ಮಾಡಿದ್ದಾಳೆ, ಮನೆಯಿಂದಲೇ. ಮಗು ಮಲಗಿದಾಗ ಮೀಟಿಂಗು, ಮೀಟಿಂಗು ಮುಗಿಯುವಷ್ಟರಲ್ಲಿ ಮಗು ಎದ್ದಿರುತ್ತೆ. ಅವಳ ಮಧ್ಯಾಹ್ನದ ಊಟ ಅಂದರೆ ಮೂರು ಗಂಟೆಗೆ ಅಡುಗೆಮನೆ ಕಟ್ಟೆಗೆ ಒರಗಿ ನಿಂತು ಎರಡು ಬಿಸ್ಕತ್ತು, ಜೊತೆಗೆ ಮಗು ಬಿಟ್ಟ ರಾಗಿ ಸರಿ. "ಹತ್ತು ನಿಮಿಷದಲ್ಲಿ ಆಗೋ, ಹೊಟ್ಟೆ ತುಂಬೋ ಅಡುಗೆ ಏನಾದ್ರೂ ಹುಡುಕಿ ಕೊಡೋ" ಅಂದಳು. ನಾನು ಇಂಜಿನಿಯರ್ ಅಲ್ವಾ, ಎಕ್ಸೆಲ್ ಶೀಟ್ ಮಾಡಿದೆ! ಚಿತ್ರಾನ್ನ, ಗೊಜ್ಜವಲಕ್ಕಿ, ಮೊಸರನ್ನ, ಒಗ್ಗರಣೆ ಶಾವಿಗೆ... ಪ್ರತಿಯೊಂದರ ಮುಂದೆ ಹೆಚ್ಚೋಕೆ ಎಷ್ಟು ನಿಮಿಷ, ಬೇಯೋಕೆ ಎಷ್ಟು ನಿಮಿಷ. ಹೆಮ್ಮೆಯಿಂದ ಅಮ್ಮನಿಗೆ ತೋರಿಸಿದೆ.

ಅಮ್ಮ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ, "ಎಲ್ಲಾ ಸರಿ ಕಣೋ, ಅವಳು ಕೂತ್ಕೊಂಡು ತಿನ್ನೋಕೆ ಎಷ್ಟು ನಿಮಿಷ ಹಾಕಿದೀಯ?" ಅಂದಳು.

ಆ ಕಾಲಮ್ಮೇ ಇರಲಿಲ್ಲ.

ಮಾತು ಬದಲಾಯಿಸೋಕೆ ಕೇಳಿದೆ, "ನೀನು ಕೆಲಸಕ್ಕೆ ಹೋಗ್ತಿದ್ದಾಗ ನಿನ್ನ ಡಬ್ಬಿಯಲ್ಲಿ ಏನಿರ್ತಿತ್ತಮ್ಮಾ?" ಅಮ್ಮ ನಕ್ಕಳು. "ನಾನು ಯಾವತ್ತೋ ಡಬ್ಬಿ ತಗೊಂಡು ಹೋದೆ? ನಿಂದು, ಅಕ್ಕಂದು, ಅಪ್ಪಂದು ಮೂರು ಕಟ್ತಿದ್ದೆ. ನಮಗೆ ಕ್ಯಾಂಟೀನ್ ಇತ್ತಲ್ಲ." ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿ ಇದ್ದವನಿಗೆ ಇದು ಗೊತ್ತಿರಲಿಲ್ಲ. ಹನ್ನೆರಡು ವರ್ಷ ಸ್ಕೂಲಿಗೆ ಡಬ್ಬಿ ತಗೊಂಡು ಹೋದೆ, "ಮತ್ತೆ ಚಿತ್ರಾನ್ನಾನಾ?" ಅಂತ ಮುಖ ಗಂಟು ಹಾಕಿದ್ದೂ ನೆನಪಿದೆ. ಅಮ್ಮ ಏನು ತಿಂತಾಳೆ ಅಂತ ಒಂದು ದಿನವೂ ಕೇಳಲಿಲ್ಲ.

ಅವತ್ತಿಂದ ಇದೇ ಹುಳ. ಅಡುಗೆಯ ಇತಿಹಾಸ ಅಂತ ನಾವು ಓದೋದೆಲ್ಲಾ ಯಾರು ಏನು ಬಡಿಸಿದರು ಅನ್ನೋದರ ಬಗ್ಗೆ. ಬಡಿಸಿದವಳು ಮಧ್ಯಾಹ್ನ ಏನು ತಿಂದಳು ಅನ್ನೋದಕ್ಕೂ ಒಂದು ಇತಿಹಾಸ ಇರಬೇಕಲ್ಲ?

ನಮ್ಮಜ್ಜಿಯಿಂದ ಶುರು ಮಾಡೋಣ. ತುಮಕೂರು ಕಡೆಯ ಹಳ್ಳಿ. ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋಗ್ತಿದ್ದವಳು ಅಜ್ಜಿ, ಆದರೆ ಬುತ್ತಿ ಇದ್ದದ್ದು ಉಳುವವರಿಗೆ. ಅಜ್ಜಿ ತಿನ್ನುತ್ತಿದ್ದದ್ದು ಎಲ್ಲರದೂ ಆದಮೇಲೆ, ಬಹುಪಾಲು ಹುರಿಹಿಟ್ಟು. ಪೇಟೆಯವರಿಗೆ ಗೊತ್ತಿಲ್ಲದಿದ್ದರೆ ಹೇಳ್ತೀನಿ. ರಾಗಿಗೆ ನೀರು ಚಿಮುಕಿಸಿ ಹದ ಮಾಡಿ, ಕಾದ ಬಾಣಲೆಯಲ್ಲಿ ಅರಳಿಸಿ, ಆಮೇಲೆ ಬೀಸಿ ಹಿಟ್ಟು ಮಾಡೋದು. ಅರಳುವಾಗಲೇ ಕಾಳು ಒಳಗೇ ಬೆಂದಿರುತ್ತೆ, ಹಾಗಾಗಿ ಮತ್ತೆ ಒಲೆಯ ಹಂಗಿಲ್ಲ. ಮಜ್ಜಿಗೆ, ಉಪ್ಪು ಹಾಕಿ ಕಲಸಿದರೆ ಊಟ. ಬೆಲ್ಲ, ಕಾಯಿತುರಿ, ಒಂದು ಚಮಚ ತುಪ್ಪ ಹಾಕಿದರೆ ಹಬ್ಬ. ಈಗ ಪ್ಯಾಕೆಟ್ ಮೇಲೆ 'ಇನ್‌ಸ್ಟಂಟ್' ಅಂತ ಬರೆದು ಮಾರೋದು ಇದನ್ನೇ ಅಲ್ವಾ? ಎರಡು ನಿಮಿಷವೂ ಬೇಡ. ಅವಲಕ್ಕಿ, ಉತ್ತರ ಕರ್ನಾಟಕದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಎಲ್ಲಾ ಇದೇ ಜಾತಿಯವು. ಕೆಲಸವನ್ನೆಲ್ಲಾ ಮುಂಚೆಯೇ ಮುಗಿಸಿ ಡಬ್ಬಕ್ಕೆ ತುಂಬಿಟ್ಟ ಊಟ. ಅಂದರೆ ಸಮಯ ಉಳಿಯಿತು ಅಂತಲ್ಲ, ಬೇರೆ ದಿನ ಖರ್ಚಾಗಿತ್ತು ಅಷ್ಟೆ.

ಆಮೇಲೆ ಯಂತ್ರಗಳು ಬಂದವು. ನನ್ನಂಥವನಿಗೆ ಇಷ್ಟವಾಗೋ ಅಧ್ಯಾಯ :-) 1679ರಲ್ಲಿ ಡೆನಿಸ್ ಪಾಪಿನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಮೂಳೆಯನ್ನೂ ಮೆತ್ತಗೆ ಬೇಯಿಸೋ ಆವಿಪಾತ್ರೆ ತೋರಿಸಿದ. 1910ರಲ್ಲಿ ಕಲ್ಕತ್ತಾದ ಇಂದುಮಾಧವ ಮಲ್ಲಿಕ್ ಒಂದರ ಮೇಲೊಂದು ಪಾತ್ರೆ ಜೋಡಿಸಿ ಆವಿಯಲ್ಲಿ ಬೇಯಿಸುವ ಇಕ್ಮಿಕ್ ಕುಕ್ಕರ್ ಮಾಡಿದರು. 1959ರ ಹೊತ್ತಿಗೆ ಪ್ರೆಷರ್ ಕುಕ್ಕರ್ ಭಾರತದಲ್ಲೇ ತಯಾರಾಗತೊಡಗಿತು. ಮುಚ್ಚಳದೊಳಗೆ ನೀರು ನೂರರ ಬದಲು ಸುಮಾರು 120 ಡಿಗ್ರಿಗೆ ಕುದಿಯುತ್ತೆ, ತೊಗರಿಬೇಳೆ ಮುಕ್ಕಾಲು ಗಂಟೆಯ ಬದಲು ನಾಲ್ಕು ವಿಷಲ್‌ಗೆ ಬೆಂದಿರುತ್ತೆ.

ಮಿಕ್ಸಿಯದು ಇನ್ನೂ ಚೆನ್ನಾಗಿದೆ. ಬೊಂಬಾಯಿಯಲ್ಲಿ ಸೀಮೆನ್ಸ್ ಕಂಪನಿಯಲ್ಲಿದ್ದ ಇಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಜರ್ಮನಿಯ ಬ್ರೌನ್ ಮಿಕ್ಸರ್ ಇತ್ತು. ನಮ್ಮ ದೇಶದ ಮಸಾಲೆ, ನೆನೆಸಿದ ಬೇಳೆ ರುಬ್ಬುವ ಭಾರಕ್ಕೆ ಅದರ ಮೋಟಾರು ಸುಟ್ಟುಹೋಯ್ತು. ಇಲ್ಲಿ ರಿಪೇರಿಗೆ ಗತಿ ಇಲ್ಲ. ಹೆಂಡತಿ ಮಾಧುರಿ ಮಾಥುರ್ "ಹಾಗಾದ್ರೆ ನೀವೇ ಒಂದು ಮಾಡಿ" ಅನ್ನೋ ಥರ ಪಟ್ಟು ಹಿಡಿದರು. 1963ರಲ್ಲಿ ಕಂಪನಿ ಶುರುವಾಗಿ 'ಸುಮೀತ್' ಹುಟ್ಟಿದ್ದು ಹೀಗೆ. ನಮ್ಮನೆಯ ಹಳೇ ಸುಮೀತ್ ಬೆಳಿಗ್ಗೆ ಐದೂವರೆಗೆ ಶುರುವಾದರೆ ಬೀದಿಗೇ ಅಲಾರಂ.

ಇನ್ನು ರೆಡಿ ಮಿಕ್ಸು. 1975ರಲ್ಲಿ ತುರ್ತುಪರಿಸ್ಥಿತಿ ಬಂದು ಹೋಟೆಲ್ ತಿಂಡಿಗಳ ಬೆಲೆಯನ್ನು ಸರ್ಕಾರ ತೀರಾ ಕೆಳಗಿಳಿಸಿದಾಗ, ಆ ಬೆಲೆಗೆ ಗುಣಮಟ್ಟ ಉಳಿಸಿಕೊಳ್ಳೋದು ಬೆಂಗಳೂರಿನ ಎಂಟಿಆರ್‌ಗೆ ಕಷ್ಟವಾಯ್ತು. ಪುಡಿ, ಮಿಕ್ಸುಗಳ ವ್ಯಾಪಾರಕ್ಕೆ ಅವರು ಇಳಿದದ್ದು ಆಗಲೇ. 2007ರಲ್ಲಿ ಆ ಪ್ಯಾಕೆಟ್ ವ್ಯಾಪಾರ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯ್ತು.

ಸರಿ, ಇಷ್ಟೆಲ್ಲಾ ಉಳಿಸಿದ ಸಮಯ ಎಲ್ಲಿ ಹೋಯ್ತು? ರೂತ್ ಶ್ವಾರ್ಟ್ಸ್ ಕೋವನ್ ಅನ್ನೋ ಇತಿಹಾಸಕಾರ್ತಿ ಅಮೆರಿಕದ ಮನೆಗಳ ಬಗ್ಗೆ 1983ರಲ್ಲಿ ಒಂದು ಪುಸ್ತಕ ಬರೆದರು, 'ಮೋರ್ ವರ್ಕ್ ಫಾರ್ ಮದರ್' ಅಂತ. ಯಂತ್ರ ಬಂದಷ್ಟೂ ತಾಯಿಯ ಕೆಲಸ ಕಡಿಮೆಯಾಗಲಿಲ್ಲ, ಮನೆಯವರ ನಿರೀಕ್ಷೆ ಏರಿತು ಅನ್ನೋದು ಅವರ ವಾದ. ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೇ ಹೊಂದಲಿಕ್ಕಿಲ್ಲ. ಒರಳುಕಲ್ಲಿನ ಕಾಲ ವಾಪಸ್ ಬರಲಿ ಅಂದರೆ ಅಮ್ಮ ಸೌಟು ತಗೊಂಡು ಬಂದಾಳು. ಆದರೂ ಅಜ್ಜಿಯ ಮನೆಯಲ್ಲಿ ಮುದ್ದೆ ಸಾರು ಎಲ್ಲರಿಗೂ ಒಂದೇ. ಮಿಕ್ಸಿ ಬಂದಮೇಲೆ ನನಗೆ ಕೊತ್ತಂಬರಿ ಚಟ್ನಿ, ಅಕ್ಕನಿಗೆ ಕಾಯಿ ಚಟ್ನಿ. ಮೂರು ಡಬ್ಬಿಗೆ ಮೂರು ಥರ!

ಈಗ ಕ್ಯಾಂಟೀನಿಗೆ ಬರ್ತೀನಿ. ಅಮ್ಮ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯ ಅಸೆಂಬ್ಲಿ ವಿಭಾಗದಲ್ಲಿದ್ದಳು. ಐಟಿಐ, ಎಚ್ಎಂಟಿ, ಬಿಇಎಲ್ ಬಂದಮೇಲೆ ಈ ಊರಲ್ಲಿ ಸೂಕ್ಷ್ಮ ಜೋಡಣೆಯ ಕೆಲಸಕ್ಕೆ ಹೆಂಗಸರು ಬಸ್ ಹತ್ತಿದ್ದು ನಿಮಗೂ ಗೊತ್ತು, ನಿಮ್ಮ ಮನೆಯಲ್ಲೂ ಒಬ್ಬರು ಇದ್ದಿರಬಹುದು. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಐದು ಗಂಟೆಗಿಂತ ಹೆಚ್ಚು ಯಾರನ್ನೂ ಸತತವಾಗಿ ದುಡಿಸುವ ಹಾಗಿರಲಿಲ್ಲ, ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕಿತ್ತು. 250ಕ್ಕಿಂತ ಹೆಚ್ಚು ಜನ ಇರುವ ಕಡೆ ಕ್ಯಾಂಟೀನ್ ಇರಲೇಬೇಕು ಅಂತ ನಿಯಮ ಮಾಡೋಕೆ ಸೆಕ್ಷನ್ 46ರಲ್ಲಿ ಅವಕಾಶ ಇತ್ತು. ಊಟದ ಹಾಲಿನಲ್ಲಿ ಹೆಂಗಸರಿಗೆ ಬೇರೆ ಜಾಗ ಬಿಡಬೇಕು ಅಂತ ರಾಜ್ಯದ ಕಾರ್ಖಾನೆ ನಿಯಮಗಳು ಹೇಳಿದವು. ಕಾನೂನಿನ ಒಣ ಭಾಷೆ. ಆದರೆ ಆ ಸಾಲುಗಳ ಅರ್ಥ ಏನು ಗೊತ್ತಾ? ತಾನು ಮಾಡದ, ಬಿಸಿಯಾಗಿರುವ, ಬೇರೆಯವರು ಬಡಿಸಿದ ಊಟವನ್ನು ನನ್ನಮ್ಮ ದಿನಾ ಕೂತ್ಕೊಂಡು ತಿಂದಳು. ನಮ್ಮಜ್ಜಿಗೆ ಅದು ಮದುವೆಮನೆಯಲ್ಲಿ ಮಾತ್ರ ಸಿಕ್ಕಿದ್ದು, ಅಲ್ಲೂ ಕೊನೇ ಪಂಕ್ತಿಯಲ್ಲಿ. ಹೋಟೆಲಿಗೆ ಹೆಂಗಸು ಒಬ್ಬಳೇ ಹೋಗಿ ಊಟ ಮಾಡಿದರೆ ನಾಲ್ಕು ಜನ ತಿರುಗಿ ನೋಡ್ತಿದ್ದ ಕಾಲ, 'ಫ್ಯಾಮಿಲಿ ರೂಂ' ಪರದೆಯ ಕಾಲ. ಕ್ಯಾಂಟೀನಿನಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಕಾರ್ಖಾನೆಯೇ ಇಲ್ಲದ ಕಡೆ? ಇಲ್ಲೇ ನನಗೆ ನಿಜವಾಗಿ ಆಶ್ಚರ್ಯ ಆಗಿದ್ದು. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳ ಯೋಜನೆ ದೇಶದ 33 ಕಡೆ ಶುರುವಾಯ್ತು, ನಮ್ಮಲ್ಲಿ ತಿ. ನರಸೀಪುರದಲ್ಲಿ. ಮುಂದೆ ಬಸುರಿ, ಬಾಣಂತಿಯರಿಗೆ ಆಹಾರಧಾನ್ಯವನ್ನು ಮನೆಗೆ ಕೊಟ್ಟು ಕಳಿಸುವ ಪದ್ಧತಿ ಬಂತು. ಮನೆಗೆ ಹೋದ ಧಾನ್ಯ ಏನಾಗುತ್ತೆ? ಮನೆಮಂದಿಗೆಲ್ಲಾ ಹಂಚಿಹೋಗುತ್ತೆ, ತಾಯಿಯ ತಟ್ಟೆಗೆ ಬರೋದು ತಳ. ಅದಕ್ಕೇ 2017ರ ಅಕ್ಟೋಬರ್ 2ರಂದು ಕರ್ನಾಟಕ ಸರ್ಕಾರ 'ಮಾತೃಪೂರ್ಣ' ಶುರು ಮಾಡಿತು. ತಿಂಗಳಿಗೆ 25 ದಿನ ಅಂಗನವಾಡಿಗೇ ಬಂದು ಅಲ್ಲೇ ಕೂತು ಅನ್ನ, ಸಾಂಬಾರ್, ಪಲ್ಯ, ಮೊಟ್ಟೆ, 200 ಮಿಲಿ ಹಾಲು, ಕಡಲೆಬೀಜದ ಚಿಕ್ಕಿ. ತಾಯಿಯ ಮಧ್ಯಾಹ್ನದ ಊಟಕ್ಕಾಗಿಯೇ ಒಂದು ಸರ್ಕಾರಿ ಯೋಜನೆ! ಕಷ್ಟ ಇಲ್ಲದಿರಲಿಲ್ಲ. ಮಲೆನಾಡಿನಲ್ಲಿ ಮನೆಗಳು ದೂರ ದೂರ, ತುಂಬು ಬಸುರಿ ಮಳೆಯಲ್ಲಿ ಒಂದು ಊಟಕ್ಕೆ ಗುಡ್ಡ ಇಳಿದು ಬರೋದು ಹೇಗೆ? ಕೂಲಿಗೆ ಹೋಗುವವಳು ಅರ್ಧ ದಿನ ಬಿಟ್ಟು ಬರೋದು ಹೇಗೆ? 2020ರಲ್ಲಿ ಕೊರೋನಾದಿಂದ ಅಂಗನವಾಡಿ ಮುಚ್ಚಿದಾಗ ಮತ್ತೆ ಧಾನ್ಯವೇ ಮನೆಗೆ ಹೋಯ್ತು. ಯೋಜನೆ ಮಾಡಿದವರಿಗೆ ಸಮಸ್ಯೆ ಅರ್ಥವಾಗಿತ್ತು ಅನ್ನೋದಂತೂ ನಿಜ. ನನ್ನ ಎಕ್ಸೆಲ್ ಶೀಟಿಗಿಂತ ವಾಸಿ.

ಅಕ್ಕನ ಕತೆ ನೋಡಿ. ಅಮ್ಮನಿಗಿಂತ ನಾಲ್ಕು ಪಟ್ಟು ಸಂಬಳ, ಅಡುಗೆಮನೆಯಲ್ಲಿ ಎಲ್ಲಾ ಯಂತ್ರ. ಕ್ಯಾಂಟೀನ್ ಇಲ್ಲ, ಊಟದ ಗಂಟೆ ಇಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಡಬ್ಬಿ ಬಿಚ್ಚುವ ಹೆಂಗಸಿಗೂ ಸಿಗಬೇಕಾದ ಅರ್ಧ ಗಂಟೆ ನನ್ನ ಅಕ್ಕನ ಕ್ಯಾಲೆಂಡರಿನಲ್ಲಿ ಇರಲಿಲ್ಲ. ಶೀಟಿಗೆ ಕಾಲಮ್ ಸೇರಿಸೋ ಬದಲು ಅವಳ ಲ್ಯಾಪ್‌ಟಾಪ್ ತಗೊಂಡು ಪ್ರತಿದಿನ ಹನ್ನೆರಡೂವರೆಯಿಂದ ಒಂದು ಗಂಟೆ ತನಕ 'ಊಟ' ಅಂತ ಬ್ಲಾಕ್ ಮಾಡಿಕೊಟ್ಟೆ. ಮೊದಲ ದಿನವೇ ಯಾರೋ ಅದರ ಮೇಲೆ ಮೀಟಿಂಗ್ ಹಾಕಿದರಂತೆ. ಎರಡನೇ ದಿನ ಅವಳೇ 'ಡಿಕ್ಲೈನ್' ಒತ್ತಿ, ಅಮ್ಮ ಕಳಿಸಿದ್ದ ಹುರಿಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿಕೊಂಡು ಫೋಟೋ ಕಳಿಸಿದಳು. ತಟ್ಟೆಯ ಪಕ್ಕ ಒಂದು ಕುರ್ಚಿ ಕಾಣಿಸ್ತಿತ್ತು.

ಅಮ್ಮ ರಿಟೈರ್ ಆಗಿ ನಾಲ್ಕು ವರ್ಷ ಆಯ್ತು. ಈಗಲೂ ಹನ್ನೆರಡೂವರೆ ಆದರೆ ಸಾಕು, ಯಾರು ಬಂದಿರಲಿ ಬಿಡಲಿ, ತಟ್ಟೆ ಹಾಕ್ಕೊಂಡು ಕೂತುಬಿಡ್ತಾಳೆ. ಅಪ್ಪ ಮೊದಮೊದಲು ಗೊಣಗ್ತಿದ್ದರು. ಈಗ ಅವರೇ ನೀರು ತಂದಿಡ್ತಾರೆ. ಕ್ಯಾಂಟೀನಿನಲ್ಲಿ ಯಾವತ್ತು ಏನಿರ್ತಿತ್ತು ಅಂತ ಕೇಳಿದೆ. "ಗುರುವಾರ ಬಿಸಿಬೇಳೆ ಭಾತ್. ಉಪ್ಪು ಜಾಸ್ತಿ" ಅಂದಳು, ಮುಖದ ತುಂಬಾ ನಗು.