ಪೊರಿಗೆರೆಯ ಮಹಾಜನರಿಂದ ಗುರುಮಠಕಲ್ಲಿನ ಮತಪೆಟ್ಟಿಗೆಯವರೆಗೆ

"ಪಾರ್ಲಿಮೆಂಟು ನಮ್ಮಲ್ಲಿ ಸಾವಿರ ವರ್ಷದ ಹಿಂದೆಯೇ ಇತ್ತು, ಬೇಕಾದ್ರೆ ಶಾಸನ ನೋಡಿ" ಅನ್ನೋ ಮಾತನ್ನ ನಾನು ಮತ್ತೆ ಮತ್ತೆ ಕೇಳ್ತೀನಿ. ಆಗಲಿ, ಶಾಸನವನ್ನೇ ನೋಡೋಣ.

ಮೊದಲ ಸಾಕ್ಷಿ ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕಂಬಶಾಸನ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ 8ನೇ ಶತಮಾನದ ಮೊದಲ ಭಾಗದಲ್ಲಿ ಪೊರಿಗೆರೆಯ ಮಹಾಜನರಿಗೂ 18 ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆ ಕೊಟ್ಟ. ಊರವರು ಯಾವಾಗ, ಎಷ್ಟು ತೆರಿಗೆ ಕೊಡಬೇಕು ಅನ್ನೋದರ ಜೊತೆಗೆ ಅರಸನ ಅಧಿಕಾರಿಗಳು ಏನನ್ನು ಕಾಪಾಡಬೇಕು ಅನ್ನೋದೂ ಅದರಲ್ಲಿದೆ. ತೆರಿಗೆ ಒಕ್ಕಲಿನ ಶಕ್ತಿಗೆ ತಕ್ಕಂತೆ. ಅಂದರೆ ಕಟ್ಟಳೆ ಅರಮನೆಯವರಿಗೂ ಇತ್ತು. ಇದು ದೊಡ್ಡ ಮಾತು.

ಆದರೆ ಇದು ಪಾರ್ಲಿಮೆಂಟೇ? ನನ್ನ ಪ್ರಕಾರ ಅಲ್ಲ. ಇಂಗ್ಲೆಂಡಿನಲ್ಲಿ 1215ರ ಮ್ಯಾಗ್ನಾ ಕಾರ್ಟಾದ ನಂತರ, ಕೊಡುವವರನ್ನು ಕೇಳದೆ ಅರಸ ತೆರಿಗೆ ಎತ್ತಬಹುದೇ ಅನ್ನೋ ಜಗಳದಲ್ಲಿ ಪಾರ್ಲಿಮೆಂಟು ಬೆಳೆಯಿತು. 1265ರ ಸಭೆಗೆ ಪಟ್ಟಣಗಳ ಪ್ರತಿನಿಧಿಗಳೂ ಬಂದರು. ನಮ್ಮ ಮಹಾಜನರು ಊರನ್ನು ಆಳಿದರು, ದತ್ತಿ ಕಾಯ್ದರು, ನ್ಯಾಯ ಹೇಳಿದರು. ಇಡೀ ರಾಜ್ಯದ ಪರವಾಗಿ ಅರಸನ ಎದುರು ಕೂತು ತೆರಿಗೆ ಚರ್ಚಿಸುವ ಸಭೆಯಾಗಿ ಅವರು ಬೆಳೆಯಲಿಲ್ಲ.

ಚುನಾವಣೆ ಅಂದ ಕೂಡಲೇ ತಮಿಳುನಾಡಿನ ಉತ್ತರಮೇರೂರಿನ ಹೆಸರು ಬರುತ್ತದೆ. ಚೋಳ ಪರಾಂತಕನ ಕಾಲದ 919 ಮತ್ತು 921ರ ಶಾಸನಗಳು ಊರನ್ನು 30 ಭಾಗ ಮಾಡಿ, ಗಡಿಗೆಯಲ್ಲಿ ಓಲೆ ಹಾಕಿ ಎತ್ತುವ ಕ್ರಮ ಹೇಳುತ್ತವೆ. ಹಿಂದೆ ಲೆಕ್ಕ ಒಪ್ಪಿಸದವನು ಅನರ್ಹ. ಈ ನಿಯಮ ಇವತ್ತಿಗೂ ಬೇಕು ಅನಿಸುತ್ತದೆ! ಆದರೆ ಹೊಲ, ಸ್ವಂತ ಮನೆ, ವೇದವಿದ್ಯೆ ಇದ್ದವರ ಹೆಸರಷ್ಟೇ ಗಡಿಗೆಗೆ ಬೀಳುತ್ತಿತ್ತು. ಹೊಲ ಉತ್ತವರ ಹೆಸರಲ್ಲ, ಹೆಂಗಸರದ್ದಂತೂ ಅಲ್ಲ.

ಈಗ ಗುರುಮಠಕಲ್ಲಿಗೆ ಬನ್ನಿ. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆಯ ಎಲ್ಲ ವಯಸ್ಕರಿಗೂ ಮತ ಸಿಕ್ಕಿದ್ದು ಮೊದಲ ಮಹಾಚುನಾವಣೆಯಲ್ಲಿ, 1952ರ ಹೊತ್ತಿಗೆ. 1956ರಲ್ಲಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1972ರಿಂದ 2004ರವರೆಗೆ ಈ ಕ್ಷೇತ್ರ ದಲಿತ ಸಮುದಾಯದ ಮಲ್ಲಿಕಾರ್ಜುನ ಖರ್ಗೆಯವರನ್ನು ಸತತ 8 ಸಲ ವಿಧಾನಸಭೆಗೆ ಕಳಿಸಿತು. ಪಕ್ಷದ ಮಾತು ಬಿಡಿ, ಶಾಸನ ಓದುವವನಾಗಿ ನನಗೆ ಕಾಣೋದು ಇಷ್ಟೇ: ಅಗ್ರಹಾರದ ಮಹಾಜನರ ಸಭೆಯಲ್ಲಿ ಯಾರಿಗೆ ಜಾಗವೇ ಇರಲಿಲ್ಲವೋ, ಇಲ್ಲಿ ಅವರದ್ದೂ ಒಂದು ಮತ.

ಹಳೆಯ ಸಭೆಗಳನ್ನು ಹೊಗಳೋಣ, ತಪ್ಪಿಲ್ಲ. ಆದರೆ ಶಾಸನ ಓದುವಾಗ ಯಾರು ಕೂತಿದ್ದರು ಅಂತ ಎಣಿಸುವಷ್ಟೇ ಎಚ್ಚರದಿಂದ, ಯಾರನ್ನು ಹೊರಗೆ ನಿಲ್ಲಿಸಿದ್ದರು ಅಂತಲೂ ಕೇಳಬೇಕು.