ದಢೇಸುಗೂರಿನ ನೆಲದಲ್ಲಿ ಕರಬೂಜ ಮತ್ತು ಲೆಟ್ಯೂಸ್: ಬೀಜದ ಚರಿತ್ರೆಯೊಂದರ ಅವಲೋಕನ

ಒಂದು ಪ್ರದೇಶದ ಕೃಷಿಚರಿತ್ರೆಯನ್ನು ಅಣೆಕಟ್ಟು, ಕಾಲುವೆ, ಕಂದಾಯಗಳ ದಾಖಲೆಗಳಿಂದ ಬರೆಯುವುದು ವಾಡಿಕೆ. ಬೀಜದ ಮೂಲಕವೂ ಅದನ್ನು ಬರೆಯಬಹುದೆಂಬುದು ಈ ಲೇಖನದ ಪ್ರತಿಪಾದ್ಯ.

ಸಿಂಧನೂರು ತಾಲ್ಲೂಕಿನ ದಢೇಸುಗೂರು ತುಂಗಭದ್ರೆಯ ಎಡದಂಡೆಯ ಗ್ರಾಮ. ನದಿಯ ಆಚೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪವಿದೆ. 1948ರವರೆಗೆ ಈ ದಂಡೆ ನಿಜಾಮರ ಆಳ್ವಿಕೆಗೂ ಆ ದಂಡೆ ಮದರಾಸು ಆಡಳಿತಕ್ಕೂ ಸೇರಿದ್ದವು. ಮುಂದೆ ಬರಲಿದ್ದ ನೀರಾವರಿಯನ್ನು ಲಕ್ಷಿಸಿ 1937ರಲ್ಲೇ ಸಿರುಗುಪ್ಪದಲ್ಲಿ ಸಂಶೋಧನಾ ಕೇಂದ್ರವೊಂದು ಆರಂಭವಾಯಿತು. 1953ರಲ್ಲಿ ಅಣೆಕಟ್ಟಿನ ನೀರು ಕಾಲುವೆಗೆ ಹರಿಯಿತು. ಜೋಳ, ಹತ್ತಿ ಮುಂತಾದ ಅಲ್ಪಜಲದ ಬೆಳೆಗಳಿಗೆಂದು ಯೋಜಿತವಾದ ನೆಲದಲ್ಲಿ ಕಾಲಕ್ರಮದಲ್ಲಿ ಭತ್ತವೇ ಪ್ರಧಾನವಾಯಿತು. ಇಂದು ದಢೇಸುಗೂರಿನಲ್ಲಿಯೂ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಭತ್ತದ ಬೀಜದ ಕಡೆಗೆ ಎಲ್ಲರ ಗಮನವೂ ಹರಿದಿರುವಾಗ, ಸಣ್ಣ ಬೆಳೆಗಳ ಬೀಜಗಳ ಗತಿಯೇನೆಂಬ ಪ್ರಶ್ನೆಯನ್ನು ನಾವು ಎತ್ತಿಕೊಳ್ಳುತ್ತೇವೆ. ಅದಕ್ಕೆ ಪರಸ್ಪರ ವಿರುದ್ಧ ಸ್ವಭಾವದ ಎರಡು ಬೆಳೆಗಳನ್ನು ಆರಿಸಿದ್ದೇವೆ.

ಲೆಟ್ಯೂಸಿನದು ಸ್ವಪರಾಗಸ್ಪರ್ಶದ ಹೂವು. ಅದು ಬೆಳಗಿನಲ್ಲಿ ಕೆಲವು ಗಂಟೆಗಳಷ್ಟೇ ಅರಳಿ, ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಆದುದರಿಂದ ಅದರ ತಳಿಯನ್ನು ಶುದ್ಧವಾಗಿ ಉಳಿಸುವುದು ಸುಲಭ. ಆದರೆ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅನೇಕ ತಳಿಗಳ ಬೀಜ ಮೊಳೆಯದೆ ಸುಪ್ತವಾಗುತ್ತದೆ. ಮೊಳೆತ ಗಿಡವೂ ಬಿಸಿಲೇರಿದೊಡನೆ ಹೂಗೋಲು ಎತ್ತಿ ಕಹಿಯಾಗುತ್ತದೆ. ರಾಯಚೂರು ಸೀಮೆಯಲ್ಲಿ ಚಳಿಗಾಲದ ಎರಡು ಮೂರು ತಿಂಗಳುಗಳಷ್ಟೇ ಅದಕ್ಕೆ ಅನುಕೂಲ. ಇಲ್ಲಿ ಬೆಳೆಯುವವರು ಗಡ್ಡೆ ಕಟ್ಟುವ ತಳಿಗಿಂತ ಬೇಗ ಕೊಯ್ಲಿಗೆ ಬರುವ ಬಿಡಿ ಎಲೆಯ ತಳಿಯನ್ನು ಆರಿಸುವುದು ಯುಕ್ತ.

ಕರಬೂಜವಾದರೋ ಬಿಸಿಲನ್ನೇ ಬಯಸುವ ಬಳ್ಳಿ. ನೀರಿಳಿದ ತುಂಗಭದ್ರೆಯ ಮರಳಿನಲ್ಲಿ ತೇವ ಕಾಣುವವರೆಗೆ ಗುಂಡಿ ತೋಡಿ, ಗೊಬ್ಬರ ತುಂಬಿ, ಬೀಜ ಊರಿ ಅದನ್ನು ಬೆಳೆದರು. ಆದರೆ ಜೇನ್ನೊಣಗಳು ಹೂವಿನಿಂದ ಹೂವಿಗೆ ಪರಾಗವನ್ನು ಒಯ್ಯುವುದರಿಂದ ಅದರ ತಳಿ ಬೇಗ ಬೆರೆಯುತ್ತದೆ. ಸೌತೆಯ ನೆರೆಯಿಂದ ಕರಬೂಜ ಕೆಡುವುದೆಂಬ ನಂಬಿಕೆಗೆ ಆಧಾರವಿಲ್ಲ. ಅವೆರಡೂ ಬೇರೆ ಜಾತಿಗಳು. ಕೆಕ್ಕರಿಕೆಯೂ ಮಂಗಳೂರು ಸೌತೆಯೂ ಕರಬೂಜದ ಜಾತಿಗೇ ಸೇರಿದವು. ನಿಜವಾದ ಬೆರಕೆ ಅವುಗಳಿಂದಲೇ.

ಈ ಸಾಮಾನ್ಯ ಬಳ್ಳಿಗಳ ಬೆಲೆಯನ್ನು ಅರಿಯಲು ದೂರದ ಒಂದು ನಿದರ್ಶನ ನೆರವಾಗುತ್ತದೆ. 1925ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೂದಿರೋಗವು ಕರಬೂಜದ ಬೆಳೆಯನ್ನು ಹಾಳುಗೆಡವಿತು. ರೋಗನಿರೋಧದ ಗುಣ ದೊರೆತದ್ದು ಭಾರತದಿಂದ ತರಿಸಿದ ಬೀಜದಲ್ಲಿ. ಅದರ ಸಂಕರದಿಂದ 1936ರಲ್ಲಿ 'ಪಿ.ಎಂ.ಆರ್. 45' ಎಂಬ ತಳಿ ಹೊರಬಂದಿತು. ಈ ಕಾರ್ಯದಲ್ಲಿ ಪ್ರಮುಖನಾಗಿದ್ದ ಜಾಗರನೇ ಲೆಟ್ಯೂಸಿನ ರೋಗನಿರೋಧಕ 'ಇಂಪೀರಿಯಲ್' ತಳಿಗಳನ್ನು ರೂಪಿಸಿದವನೂ ಹೌದು. ಎರಡೇ ವರ್ಷಗಳಲ್ಲಿ, 1938ರಲ್ಲಿ, ಆ ರೋಗದ ಹೊಸ ಪ್ರಭೇದವೊಂದು ವರದಿಯಾಯಿತು. ಮತ್ತೆ ಹೊಸ ನಿರೋಧವನ್ನು ಅರಸಬೇಕಾಯಿತು. ಒಂದು ಬಾರಿ ಪಡೆದ ಗುಣ ಶಾಶ್ವತವಲ್ಲ, ಮೂಲಬೀಜದ ವೈವಿಧ್ಯವೇ ನಿಜವಾದ ನಿಧಿ ಎಂಬುದು ಇದರಿಂದ ವಿದಿತವಾಗುತ್ತದೆ.

ನಮ್ಮ ನಾಡಿನ ಅನುಭವವೂ ಇದನ್ನೇ ಸಮರ್ಥಿಸುತ್ತದೆ. 1967ರಲ್ಲಿ ಸ್ಥಾಪಿತವಾಗಿ ಹೆಸರಘಟ್ಟದಲ್ಲಿ ನೆಲೆಗೊಂಡ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ಜೀತ್' ಕರಬೂಜವು ಉತ್ತರ ಪ್ರದೇಶದ ಬಟ್ಟಿ ಎಂಬ ನಾಟಿ ಬಗೆಯಿಂದಲೂ, 'ಅರ್ಕಾ ರಾಜಹಂಸ'ವು ರಾಜಸ್ಥಾನದ ನಾಟಿ ಬೀಜದಿಂದಲೂ ಆಯ್ದು ತೆಗೆದವು. ಮೊದಲನೆಯದು ಒಂದು ಕಿಲೋಗ್ರಾಮಿಗೂ ಕಡಿಮೆ ತೂಗುವ ಸಿಹಿಹಣ್ಣು. ಎರಡನೆಯದು ಅದಕ್ಕಿಂತ ದೊಡ್ಡದು, ಹೆಚ್ಚು ದಿನ ಬಾಳುವುದು. ಹೆಸರಿಲ್ಲದ ರೈತರು ತಲೆಮಾರುಗಳಿಂದ ಕಾಯ್ದ ಬೀಜವಿಲ್ಲದಿದ್ದರೆ ವಿಜ್ಞಾನಿಗೆ ಆಯಲು ಏನಿರುತ್ತಿತ್ತು?

ಇಂದು ಸಂಕರ ಬೀಜವನ್ನು ಪ್ರತಿವರ್ಷ ಕೊಳ್ಳುವುದು ರೂಢಿಯಾಗಿದೆ. ಅದರ ಇಳುವರಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರ ಹಣ್ಣಿನಿಂದ ತೆಗೆದ ಬೀಜ ಏಕರೂಪದ ಬೆಳೆ ಕೊಡದು. ನಾಟಿ ಬೀಜವನ್ನು ಕಾಯಬಯಸುವವರು ಅದೇ ಜಾತಿಯ ಬೇರೆ ಬಳ್ಳಿಗಳಿಂದ ಕನಿಷ್ಠ ಅರ್ಧ ಕಿಲೋಮೀಟರು ದೂರವಿಡಬೇಕು. ಇಲ್ಲವೇ ಅರಳುವ ಮುನ್ನಾದಿನ ಮೊಗ್ಗನ್ನು ಕಟ್ಟಿ, ಮರುದಿನ ಬೆಳಿಗ್ಗೆ ಕೈಯಿಂದ ಪರಾಗಸ್ಪರ್ಶ ಮಾಡಬೇಕು. ಒಂದೇ ಬಳ್ಳಿಯಿಂದಲ್ಲ, ಅನೇಕ ಉತ್ತಮ ಬಳ್ಳಿಗಳಿಂದ ಬೀಜವನ್ನು ಆಯಬೇಕು.

ಲೆಟ್ಯೂಸಿನ ಬೀಜವನ್ನು ಹೊರಗಿನಿಂದ ಮತ್ತೆ ತರಿಸಬಹುದು. ನದಿಯ ಮರಳಿನಲ್ಲಿ ಬಾಳಿದ ಕರಬೂಜವೊಂದು ಅಳಿದರೆ ಅದನ್ನು ಯಾವ ಊರಿನಿಂದ ತರಿಸುವುದು? ಕಾಲುವೆಯ ಚರಿತ್ರೆಯನ್ನು ಬರೆಯುವವರು ಈ ಲೆಕ್ಕವನ್ನೂ ಇಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.