ಋತುಬಂಧ ಮತ್ತು ಮೂಳೆಯ ಆರೋಗ್ಯ
ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜೆನ್ ಇಳಿದು, ಮೂಳೆ ಕಟ್ಟುವ ಕೆಲಸಕ್ಕಿಂತ ಸವೆತವೇ ಹೆಚ್ಚಾಗುತ್ತದೆ. ಭಾರತದಲ್ಲಿ ಋತುಬಂಧದ ಸರಾಸರಿ ವಯಸ್ಸು ಸುಮಾರು 46-47. ನೋವಿಲ್ಲದ ಈ ಸವೆತ ಎಷ್ಟೋ ಸಲ ಮಣಿಕಟ್ಟೋ ಸೊಂಟವೋ ಮುರಿದಾಗಲೇ ತಿಳಿಯುತ್ತದೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಮನೆಗಳಲ್ಲಿ ಮೂಳೆಗೆ ಮೊದಲ ಕೊರತೆ ಬಿಸಿಲಿನದು. ಕತ್ತಲಿರುವಾಗಲೇ ಡಬ್ಬಿ ಕಟ್ಟಿ ಲೋಕಲ್ ಹಿಡಿದವಳು ಮರಳುವುದು ದೀಪ ಹೊತ್ತಿದ ಮೇಲೆ. ಫ್ಲ್ಯಾಟಿನ ಗಾಜು ದಾಟಿ ಬಂದ ಬಿಸಿಲಿನಿಂದ ಮೂಳೆಗೆ ಬೇಕಾದ ವಿಟಮಿನ್ ಡಿ ಚರ್ಮದಲ್ಲಿ ಹುಟ್ಟದು; ಮಧ್ಯಾಹ್ನದ ಆಸುಪಾಸಿನ ನೇರ ಬಿಸಿಲೇ ಬೇಕು.

ಋತುಬಂಧದ ನಂತರ ದಿನಕ್ಕೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಇದೆ. ಊರಿನ ರಾಗಿಯನ್ನು ಬಿಟ್ಟು ದುಬಾರಿ ಡಬ್ಬಿಪುಡಿಗೆ ಮೊರೆಹೋಗಬೇಕಿಲ್ಲ. ಹಾಲು, ಮೊಸರು, ಎಳ್ಳು, ಮುಳ್ಳುಸಮೇತ ತಿನ್ನುವ ಸಣ್ಣ ಮೀನೂ ಒಳ್ಳೆಯವು. ಚುರುಕು ನಡಿಗೆ, ಮೆಟ್ಟಿಲು ಹತ್ತುವುದು, ತೂಕ ಎತ್ತುವ ವ್ಯಾಯಾಮ ಮೂಳೆಗೆ ಬಲ.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ ಎಂಬ ಅಂಕ -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ. ಬೇಗ ಮುಟ್ಟು ನಿಂತವರು, ಅಂಡಾಶಯ ತೆಗೆಸಿಕೊಂಡವರು, ಬಹುಕಾಲ ಸ್ಟೀರಾಯ್ಡ್ ನುಂಗಿದವರು ವೈದ್ಯರನ್ನು ಕೇಳಿ ಈ ಪರೀಕ್ಷೆಯನ್ನು ಬೇಗನೆ ಮಾಡಿಸಬೇಕು. ಮೂಳೆ ಸವೆತ ತಡೆಯುವ ಬಿಸ್ಫಾಸ್ಫೊನೇಟ್ ಔಷಧಿ, ಹಾರ್ಮೋನ್ ಚಿಕಿತ್ಸೆಗಳೂ ವೈದ್ಯರ ನಿರ್ಧಾರಕ್ಕೆ ಸೇರಿದವು.